ಐಸ್ ಕಟ್ಟುವ ಮೊದಲೇ ಬರ್ಬಟ್ ಹಿಡಿಯಬೇಕು: ಎರೆ ಯಾವುದು, ಹೊತ್ತು ಯಾವುದು?

ಏರಿಮೇಲಿನ_ಗೌಡ (ಎಡ್ಮಂಟನ್)
ಎಲ್ಲರಿಗೂ ನಮಸ್ಕಾರ. ಊರು ಚನ್ನರಾಯಪಟ್ಟಣದ ಕಡೆ, ಈಗಿರುವುದು ಕೆನಡಾದಲ್ಲಿ. ಚಿಕ್ಕಂದಿನಲ್ಲಿ ಕೆರೆ ಏರಿ ಮೇಲೆ ಕೂತು ಬಿದಿರು ಕಡ್ಡಿಗೆ ಗಾಳ ಕಟ್ಟಿ ಮೀನು ಹಿಡಿದವನು. ಇಲ್ಲಿ ಬಂದು ಆರು ವರ್ಷ ಆಯ್ತು. ಪೈಕ್ ಹಿಡಿದೆ, ವಾಲೈ ಹಿಡಿದೆ. ಬರ್ಬಟ್ ಮಾತ್ರ ಒಂದೂ ಸಿಕ್ಕಿಲ್ಲ.

ನೋಡದವರಿಗೆ ಹೇಳ್ತೀನಿ. ಮೈ ಹಾವುಮೀನಿನ ಥರ ಉದ್ದ, ತಲೆ ಚಪ್ಪಟೆ, ಗದ್ದದ ಕೆಳಗೆ ಒಂದೇ ಒಂದು ಮೀಸೆ. ಸಮುದ್ರದ ಕಾಡ್ ಮೀನಿನ ಬಳಗದ್ದು, ಆದರೆ ಆ ಬಳಗದಲ್ಲಿ ಹುಟ್ಟಿನಿಂದ ಸಾಯುವವರೆಗೂ ಸಿಹಿನೀರಲ್ಲೇ ಇರುವುದು ಇದೊಂದೇ.

ಯಾರನ್ನು ಕೇಳಿದರೂ "ಜನವರಿಗೆ ಬಾ, ಐಸ್ ಕೊರೆದು ಹಿಡಿಯೋಣ" ಅಂತಾರೆ. ಮೈನಸ್ 25ರಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂರುವುದು ನನ್ನ ಕೈಲಿ ಆಗಲ್ಲ. ಒಂದು ಸಲ ಹೋಗಿ ಬಂದು ಎರಡು ದಿನ ಕಿವಿನೋವು. ನೀರು ನೀರಾಗಿ ಇರುವಾಗಲೇ ಹಿಡಿಯಬೇಕು.

ಈ ಬೇಸಿಗೆಯಲ್ಲಿ ನಾಲ್ಕು ಸಲ ಹೋದೆ. ಬೆಳಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ. ಸ್ಪಿನ್ನರ್ ಹಾಕಿದೆ, ರಬ್ಬರ್ ಮೀನು ಹಾಕಿದೆ, ಬೆಂಡು ಕಟ್ಟಿ ಎರೆಹುಳು ಬಿಟ್ಟೆ. ಸೊನ್ನೆ. ಎರೆ ಬದಲಾಯಿಸಬೇಕಾ?

ಶರಾವತಿ_ದಡ (ಮಿನಿಯಾಪೊಲಿಸ್)
ಗೌಡ್ರೇ, ಮೊದಲು ಗಡಿಯಾರ ಬದಲಾಯಿಸಿ. ಎರೆ ಆಮೇಲೆ.

ಮಳೆಗಾಲದ_ಮುರುಗೋಡು (ತೀರ್ಥಹಳ್ಳಿ)
ಬೆಳಗ್ಗೆ ಒಂಬತ್ತಕ್ಕೆ ಮುರುಗೋಡು (ನಮ್ಮ ಕಡೆಯ ರಾತ್ರಿ ಮೀನು) ಹಿಡಿಯಕ್ಕೆ ಹೋದಂಗಾಯ್ತು 😄

ಶರಾವತಿ_ದಡ (ಮಿನಿಯಾಪೊಲಿಸ್)
ಮೇಲೆ ಒಂದು ಸಾಲು ಬರೆದು ಓಡಿಹೋಗಿದ್ದೆ, ಆಫೀಸ್ ಮೀಟಿಂಗ್ ಇತ್ತು. ಈಗ ಪೂರ್ತಿ ಬರೀತೀನಿ.

ಇದು ರಾತ್ರಿ ಮೀನು, ಅದಕ್ಕಿಂತ ಹೆಚ್ಚಾಗಿ ಚಳಿ ಮೀನು. ಬೇರೆ ಮೀನುಗಳು ಮಂಕಾಗುವ ಹೊತ್ತಿಗೆ ಇದಕ್ಕೆ ಜೀವ ಬರುತ್ತದೆ. ಮೊಟ್ಟೆ ಇಡುವುದು ಕೂಡ ನಡು ಚಳಿಗಾಲದಲ್ಲಿ, ಐಸ್ ಕೆಳಗೆ. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾದಾಗ ಕೆರೆಯ ಆಳಕ್ಕೆ ಇಳಿದು ಕೂತುಬಿಡುತ್ತದೆ. ನೀವು ಜುಲೈನಲ್ಲಿ ದಡದಿಂದ ಎರಡಾಳು ಆಳಕ್ಕೆ ಬೆಂಡು ಬಿಟ್ಟರೆ ಅದಕ್ಕೆ ಗೊತ್ತೂ ಆಗಲ್ಲ.

ದಡದಿಂದ ಹಿಡಿಯಲು ಎರಡೇ ಕಾಲ. ಒಂದು, ಐಸ್ ಕರಗಿದ ತಕ್ಷಣದ ಕೆಲವು ವಾರ. ಆಗ ತೊರೆ ಬಂದು ಕೆರೆಗೆ ಸೇರುವ ಬಾಯಲ್ಲಿ, ಅಣೆಕಟ್ಟಿನ ಕೆಳಗಿನ ಮಡುಗಳಲ್ಲಿ ಸಿಗುತ್ತದೆ. ಇನ್ನೊಂದು, ಅಕ್ಟೋಬರ್‌ನಿಂದ ಐಸ್ ಕಟ್ಟುವವರೆಗೆ. ಮೇಲಿನ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿಯುತ್ತದೆ, ಕೆರೆಯ ನೀರೆಲ್ಲ ಒಮ್ಮೆ ತಿರುವಿದ ಹಾಗೆ ಆಗುತ್ತದೆ. ಆಮೇಲೆ ದಡದ ಹತ್ತಿರವೂ ತಣ್ಣೀರೇ. ಕತ್ತಲಾದ ಮೇಲೆ ಬರ್ಬಟ್ ಕಲ್ಲು ಇರುವ ದಡಕ್ಕೆ ಮೇಯಲು ಬರುತ್ತದೆ.

ಹೊತ್ತು ಮುಳುಗಿ ಕತ್ತಲಾದ ಮೇಲಿನ ಮೊದಲ ಎರಡು ಮೂರು ಗಂಟೆ ಬಿಡಬೇಡಿ. ಎಡ್ಮಂಟನ್‌ನಲ್ಲಿ ಜುಲೈನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು, ಅಲ್ವಾ? ಅಕ್ಟೋಬರ್ ಮಧ್ಯದಲ್ಲಿ ಆರೂವರೆ ಹೊತ್ತಿಗೇ ಮುಳುಗುತ್ತದೆ. ಆಫೀಸ್ ಮುಗಿಸಿ ಹೋಗಿ ಊಟದ ಹೊತ್ತಿಗೆ ವಾಪಸ್ ಬರಬಹುದು.

ಏರಿಮೇಲಿನ_ಗೌಡ (ಎಡ್ಮಂಟನ್)
ಅಯ್ಯೋ, ನಾಲ್ಕು ಭಾನುವಾರ ದಂಡ. ಸರಿ, ಅಕ್ಟೋಬರ್ ಬಂತಲ್ಲ. ಎರೆ ಹೇಳಿ.

ಬೂತಾಯಿ_ಭಟ್ಕಳ್ಕರ್ (ಟೊರೊಂಟೊ)
ಇಂಡಿಯನ್ ಅಂಗಡಿಯ ಫ್ರೋಜನ್ ಬೂತಾಯಿ ತಂದು ಅರ್ಧ ಕತ್ತರಿಸಿ ಹಾಕಿ ಮಾರಾಯ್ರೆ. ಎಣ್ಣೆ ಮೀನು, ವಾಸನೆ ದೂರ ಹೋಗ್ತದೆ.

ಕುಂದಾಪ್ರ_ಅಕ್ಕ (ಕುಂದಾಪುರ)
ಬೂತಾಯಿಯನ್ನು ಗಾಳಕ್ಕೆ ಹಾಕ್ತೀರಾ? ಅದನ್ನು ಬಾಣಲೆಗೆ ಹಾಕಿ, ಆ ಬರ್ಬಟ್ ಕೆರೆಯಲ್ಲೇ ಇರಲಿ.

ಶರಾವತಿ_ದಡ (ಮಿನಿಯಾಪೊಲಿಸ್)
ಬೂತಾಯಿ ಬಿಸಿನೀರಿಗೆ ಬಿಟ್ಟ ಬಿಸ್ಕತ್ತಿನ ಹಾಗೆ ಮೆತ್ತಗಾಗುತ್ತದೆ, ಎಸೆಯುವಾಗಲೇ ಗಾಳದಿಂದ ಕಿತ್ತುಹೋಗುತ್ತದೆ. ಸಕ್ಕರ್ ಮೀನಿನ ತುಂಡು ಒಳ್ಳೆಯದು. ಚರ್ಮ ಗಟ್ಟಿ. ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಹಿಂದಿನ ರಾತ್ರಿ ಕಲ್ಲುಪ್ಪು ಸವರಿ ಇಟ್ಟರೆ ಇನ್ನೂ ಗಟ್ಟಿಯಾಗುತ್ತದೆ. ಗಾಳವನ್ನು ಚರ್ಮದ ಕಡೆಯಿಂದ ಚುಚ್ಚಿ. ಸ್ಮೆಲ್ಟ್, ಸಿಸ್ಕೊ ಮೀನಿನ ತುಂಡುಗಳೂ ಚೆನ್ನಾಗಿ ಆಗುತ್ತವೆ.

ಇದು ಮೂಸಿ ಹುಡುಕುವ ಮೀನು. ಆ ಮೀಸೆ ಸುಮ್ನೆ ಚಂದಕ್ಕೆ ಇರೋದಲ್ಲ. ಹಾಗಂತ ಕೊಳೆತದ್ದು ಹಾಕಬೇಡಿ. ಅರ್ಧ ಗಂಟೆಗೊಮ್ಮೆ ಎಳೆದು ತುಂಡು ಬದಲಾಯಿಸಿ. ನೀರಲ್ಲಿ ನೆನೆದು ಬೆಳ್ಳಗಾದ ತುಂಡಿನಲ್ಲಿ ರಸವೇ ಇರಲ್ಲ.

ಮಂಡ್ಯ_ಮಾಂಜ (ಬೆಂಗಳೂರು)
ಗುರು, ರಾಗಿಮುದ್ದೆ ಟ್ರೈ ಮಾಡು. ಕಾವೇರಿಲಿ ಭೀಮೇಶ್ವರಿ ಕಡೆ ದೊಡ್ಡ ದೊಡ್ಡ ಮಹಶೀರ್‌ನ ಬ್ರಿಟಿಷರ ಕಾಲದಿಂದ ರಾಗಿ ಉಂಡೆಲೇ ಎತ್ತಿರೋದು.

ಶರಾವತಿ_ದಡ (ಮಿನಿಯಾಪೊಲಿಸ್)
ಮಹಶೀರ್ ಕಾಳು ಹಣ್ಣು ಎಲ್ಲ ತಿನ್ನುತ್ತದೆ ಸ್ವಾಮಿ. ಬರ್ಬಟ್ ಪಕ್ಕಾ ಮಾಂಸಾಹಾರಿ. ಮೀನು, ಸಿಗಡಿ ಜಾತಿ, ಕ್ರೇಫಿಶ್, ಅಷ್ಟೇ. ಮುದ್ದೆ ನೀವೇ ಉಣ್ಣಿ.

ಮಂಡ್ಯ_ಮಾಂಜ (ಬೆಂಗಳೂರು)
ಉಂಡೇ ಬಂದಿದ್ದೀನಿ. ಉಪ್ಸಾರಲ್ಲಿ.

ವ್ಯಾಂಕೂವರ್_ವಿಠ್ಠಲ
ನಾನು ಪ್ರತಿ ವರ್ಷ ಲಿಂಗ್ ಹಿಡೀತೀನಿ. 60 ಮೀಟರ್ ಆಳಕ್ಕೆ ಅರ್ಧ ಕಿಲೋ ಸೀಸ ಕಟ್ಟಿ ಇಡೀ ಹೆರಿಂಗ್ ಇಳಿಸಿ. ಹಗಲಲ್ಲೇ ಹಿಡೀತೀನಿ. ರಾತ್ರಿ ಗೀತ್ರಿ ಎಲ್ಲ ಸುಳ್ಳು.

ಎರಡುಗೆರೆ (ಕ್ಯಾಲ್ಗರಿ)
ಸಾರ್, ನೀವು ಹಿಡಿಯುವುದು ಲಿಂಗ್‌ಕಾಡ್, ಪೆಸಿಫಿಕ್ ಸಮುದ್ರದ್ದು. ಅದು ಲಿಂಗೂ ಅಲ್ಲ, ಕಾಡೂ ಅಲ್ಲ, ಬೇರೆಯೇ ಜಾತಿ. ನಮ್ಮ ಕಡೆ ಬರ್ಬಟ್‌ಗೂ ಲಿಂಗ್ ಅಂತಾರೆ, ಅದಕ್ಕೇ ಗಲಿಬಿಲಿ. ಈ ಮೀನಿಗೆ ಊರಿಗೊಂದು ಹೆಸರು. ಮಿನೆಸೋಟದಲ್ಲಿ ಈಲ್‌ಪೌಟ್, ಮೈನ್ ಕಡೆ ಕಸ್ಕ್, ಇನ್ನು ಕೆಲವು ಕಡೆ ಲಾಯರ್.

ವ್ಯಾಂಕೂವರ್_ವಿಠ್ಠಲ
ಓ, ಹೌದಾ. ಫೋಟೋ ನೋಡಿದೆ. ನನ್ನದು ಬೇರೆ ಮೀನೇ. ಮಾತು ವಾಪಸ್.

ಮಳೆಗಾಲದ_ಮುರುಗೋಡು (ತೀರ್ಥಹಳ್ಳಿ)
ಲಾಯರ್ ಅಂತ ಯಾಕೆ? ಕೈಗೆ ಸಿಕ್ಕಿದರೂ ಜಾರಿಕೊಳ್ಳುತ್ತೆ ಅಂತಲಾ?

ಕೋರ್ಟ್_ಹಾಲ್_3 (ಹುಬ್ಬಳ್ಳಿ)
ನಾನೂ ಇದ್ದೀನಿ ರೀ ಇಲ್ಲಿ. ನೋಡಿಕೊಂಡು ಮಾತಾಡ್ರಿ.

ಎರಡುಗೆರೆ (ಕ್ಯಾಲ್ಗರಿ)
😂 ವಿಷಯಕ್ಕೆ ಬರೋಣ. ಗೌಡ್ರೇ, ನೀವು ಆಲ್ಬರ್ಟಾದವರು, ಆದ್ದರಿಂದ ಮೂರು ವಿಷಯ ತಲೇಲಿ ಇಟ್ಕೊಳ್ಳಿ. ಇಲ್ಲಿ ಜೀವಂತ ಮೀನನ್ನು ಎರೆಯಾಗಿ ಹಾಕುವ ಹಾಗಿಲ್ಲ. ಐಸ್ ಇಲ್ಲದ ನೀರಲ್ಲಿ ಒಬ್ಬರಿಗೆ ಒಂದೇ ಗಾಳ, ಎರಡು ರಾಡ್ ನಿಲ್ಲಿಸಿ ಕೂರುವಂತಿಲ್ಲ. ಮತ್ತೆ, ಎಷ್ಟೋ ನದಿ ಭಾಗಗಳಲ್ಲಿ ಎರೆಯೇ ನಿಷೇಧ, ಬರೀ ಕೃತಕ ಮೀನು. ಹೋಗುವ ಮೊದಲು ಆ ವರ್ಷದ ನಿಯಮ ಪುಸ್ತಕದಲ್ಲಿ ನಿಮ್ಮ ಕೆರೆಯ ಸಾಲು ತೆಗೆದು ಓದಿ. ಭಟ್ಕಳ್ಕರ್ ಹೇಳಿದ ಬೂತಾಯಿ ಹಾಕಬಹುದಾ ಅನ್ನುವುದನ್ನೂ ಅಲ್ಲೇ ನೋಡಿಕೊಳ್ಳಿ. ಪಕ್ಕದವರು ಹಾಕ್ತಾರೆ ಅಂತ ನೀವೂ ಹಾಕಬೇಡಿ.

ನನ್ನ ಕಟ್ಟು ಹೀಗೆ. ಮುಖ್ಯ ದಾರದಲ್ಲಿ ಜಾರುವ ಸೀಸ, ಸುಮಾರು 30 ಗ್ರಾಂ. ಅದರ ಕೆಳಗೆ ಮಣಿ, ಸ್ವಿವೆಲ್ (ದಾರ ತಿರುಚದ ಹಾಗೆ ತಿರುಗುವ ಕೊಂಡಿ). ಅಲ್ಲಿಂದ ಒಂದು ಮೊಳಕ್ಕಿಂತ ಕಡಿಮೆ ಉದ್ದದ ದಪ್ಪ ದಾರ, ಕೊನೆಗೆ 1/0 ಸೈಜಿನ ಸರ್ಕಲ್ ಹುಕ್, ಅಂದರೆ ತುದಿ ಒಳಕ್ಕೆ ಬಾಗಿದ ಗಾಳ. ಬೆಂಡು ಬೇಡವೇ ಬೇಡ. ಎರೆ ನೆಲಕ್ಕೆ ಮಲಗಿರಬೇಕು. ನೆಲದಿಂದ ಒಂದಡಿ ಮೇಲಿದ್ದರೂ ಬೇರೆ ಮೀನಿಗೆ ಕೊಟ್ಟಂತೆ.

ಸರ್ಕಲ್ ಹುಕ್ ಯಾಕೆ ಅಂದರೆ, ಇದು ಕಚ್ಚುವ ಮೀನಲ್ಲ, ನುಂಗುವ ಮೀನು. ಸಾದಾ ಗಾಳ ಹಾಕಿ ಎರಡು ನಿಮಿಷ ತಡ ಮಾಡಿದರೆ ಹೊಟ್ಟೆಯೊಳಗಿರುತ್ತದೆ. ಬಿಟ್ಟುಬಿಡೋಣ ಅಂದರೂ ಬದುಕಲ್ಲ. ಸರ್ಕಲ್ ಆದರೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಒಂದೇ ಷರತ್ತು, ಊರಲ್ಲಿ ಎಳೆದ ಹಾಗೆ ಚಟ್ ಅಂತ ಎಳೆಯಬಾರದು. ಸುಮ್ನೆ ರೀಲ್ ಸುತ್ತುತ್ತಾ ಬನ್ನಿ.

ಏರಿಮೇಲಿನ_ಗೌಡ (ಎಡ್ಮಂಟನ್)
ಚಟ್ ಅಂತ ಎಳೆಯದೆ ಇರೋದು ಕಷ್ಟ ಸಾರ್. ನಲವತ್ತು ವರ್ಷದ ಕೈ.

ಉಪ್ಪುಕೆರೆ (ಸಾಲ್ಟ್ ಲೇಕ್ ಸಿಟಿ)
ನಾನು ಒಪ್ಪಲ್ಲ. ಎರೆ ಹಾಕಿ ಕೂತು ಕಾಯುವುದು ಸೋಮಾರಿಗಳ ಕೆಲಸ. ನಾವು ಫ್ಲೇಮಿಂಗ್ ಗಾರ್ಜ್ ಜಲಾಶಯಕ್ಕೆ ಹೋಗ್ತೀವಿ, ಯೂಟಾ ವಯೋಮಿಂಗ್ ಗಡಿಯಲ್ಲಿದೆ. ಅಲ್ಲಿ ಜಿಗ್ ಬೇಕು, ಅಂದರೆ ಸೀಸದ ತಲೆಯ ಗಾಳ, ಅದೂ ಕತ್ತಲಲ್ಲಿ ಹೊಳೆಯುವ ಜಿಗ್. ತುದಿಗೆ ಒಂದು ಚೂರು ಮೀನು ತುಂಡು. ಕಲ್ಲು ಬಂಡೆ ನೀರಿಗೆ ಇಳಿಯುವ ಮೂಲೆಗಳಲ್ಲಿ ನಿಂತು ಎಸೆದು, ನೆಲಕ್ಕೆ ತಾಗಿಸಿ, ಟಪ್ ಟಪ್ ಅಂತ ಎರಡು ಸಲ ಕುಟ್ಟಿ, ಸ್ವಲ್ಪ ಹೊತ್ತು ಬಿಡಿ. ಕುಟ್ಟಿದಾಗ ಏಳುವ ಕೆಸರು, ಸದ್ದು, ಬೆಳಕು, ಮೂರಕ್ಕೂ ಬರುತ್ತದೆ. ಐದಾರು ಎಸೆತಕ್ಕೊಮ್ಮೆ ಟಾರ್ಚ್ ಹಿಡಿದು ಜಿಗ್‌ಗೆ ಬೆಳಕು ತುಂಬಿಸಿ. ಎಷ್ಟೋ ಜನ ಇದನ್ನೇ ಮರೀತಾರೆ, ಆಮೇಲೆ ಮೀನಿಲ್ಲ ಅಂತಾರೆ.

ಇನ್ನೊಂದು ಮಾತು. ಸಿಕ್ಕಿದ್ದನ್ನು ಒಂದೂ ವಾಪಸ್ ಬಿಡಬೇಡಿ. ಕೊಂದೇ ಬಿಡಿ.

ಶರಾವತಿ_ದಡ (ಮಿನಿಯಾಪೊಲಿಸ್)
ಇದೇನು ಮಾತು? ಯಾಕೆ ಕೊಲ್ಲಬೇಕು?

ಉಪ್ಪುಕೆರೆ (ಸಾಲ್ಟ್ ಲೇಕ್ ಸಿಟಿ)
ಕಾನೂನೇ ಹಾಗಿದೆ. ಫ್ಲೇಮಿಂಗ್ ಗಾರ್ಜ್‌ನಲ್ಲಿ ಬರ್ಬಟ್ ಇರಲೇ ಇಲ್ಲ. ಯಾರೋ ಕದ್ದು ತಂದು ಬಿಟ್ಟರು. ಅದು ಅಲ್ಲಿಯ ಕೊಕನಿ ಸಾಲ್ಮನ್, ಬಾಸ್, ಕ್ರೇಫಿಶ್ ಎಲ್ಲ ತಿನ್ನತೊಡಗಿತು. ಈಗ ಹಿಡಿದವರು ಜೀವಂತ ಬಿಟ್ಟರೆ ತಪ್ಪು. ಎಷ್ಟು ಬೇಕಾದರೂ ಹಿಡಿಯಬಹುದು.

ಎರಡುಗೆರೆ (ಕ್ಯಾಲ್ಗರಿ)
ಅದು ನಿಮ್ಮ ಜಲಾಶಯದ ಕಥೆ, ಅದನ್ನು ಎಲ್ಲ ಕಡೆಗೂ ಹೇಳಬೇಡಿ. ಆಲ್ಬರ್ಟಾದಲ್ಲಿ ಇದು ಇಲ್ಲಿಯದೇ ಮೀನು. ನಿಮ್ಮ ಯೂಟಾ ಪಕ್ಕದ ಐಡಾಹೊ ನೋಡಿ. ಕೂಟನೈ ನದಿಗೆ ಮೇಲುಗಡೆ ಮೊಂಟಾನಾದಲ್ಲಿ 1970ರ ದಶಕದಲ್ಲಿ ಲಿಬ್ಬಿ ಅಣೆಕಟ್ಟು ಬಂತು. ಚಳಿಗಾಲದಲ್ಲಿ ಬಿಡುವ ನೀರು ಮೊದಲಿಗಿಂತ ಬೆಚ್ಚಗೆ, ಹರಿವೂ ಜಾಸ್ತಿ. ಮೊಟ್ಟೆ ಇಡುವ ಹೊತ್ತಿಗೇ ಹಾಗಾದರೆ? ಮೀನು ಸಂತತಿಯೇ ಕುಸಿಯಿತು. 1992ರಲ್ಲಿ ಐಡಾಹೊದವರು ಹಿಡಿಯುವುದನ್ನೇ ನಿಲ್ಲಿಸಿದರು. ಕೂಟನೈ ಬುಡಕಟ್ಟಿನವರು ಮರಿ ಮಾಡಿಸಿ ವರ್ಷಾನುಗಟ್ಟಲೆ ನದಿಗೆ ಬಿಟ್ಟ ಮೇಲೆ 2019ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಒಂದು ಕಡೆ ಕೊಲ್ಲು ಅಂತ ಕಾನೂನು, ಇನ್ನೊಂದು ಕಡೆ ಅದೇ ಮೀನಿಗೆ ಬಾಣಂತನ.

ಕೇಂಬ್ರಿಜ್_ಕನ್ನಡಿತಿ
ನಮ್ಮಲ್ಲಿ ಆ ಜಗಳವೇ ಇಲ್ಲ. ಇಂಗ್ಲೆಂಡ್‌ನಲ್ಲಿ ಕೊನೆಯ ಬರ್ಬಟ್ ಸಿಕ್ಕಿದ್ದು 1969ರಲ್ಲಿ, ನಮ್ಮ ಕೇಂಬ್ರಿಜ್‌ಶೈರ್‌ನಲ್ಲೇ. ಆಮೇಲೆ ನಾಪತ್ತೆ.

ಉಪ್ಪುಕೆರೆ (ಸಾಲ್ಟ್ ಲೇಕ್ ಸಿಟಿ)
ಸರಿ ಸರಿ, ತಿದ್ದಿಕೊಂಡೆ. ಫ್ಲೇಮಿಂಗ್ ಗಾರ್ಜ್‌ನಲ್ಲಿ ಮಾತ್ರ ಕೊಲ್ಲಿ. ಆದರೆ ಜಿಗ್ ವಿಷಯದಲ್ಲಿ ನಾನು ತಗ್ಗಲ್ಲ.

ಶರಾವತಿ_ದಡ (ಮಿನಿಯಾಪೊಲಿಸ್)
ಜಿಗ್ ಒಳ್ಳೆಯದೇ, ಇಲ್ಲ ಅನ್ನಲ್ಲ. ಆದರೆ ಕಲ್ಲು ದಡದಲ್ಲಿ ಕತ್ತಲಲ್ಲಿ ಹೊಸಬರು ಜಿಗ್ ಎಸೆದರೆ ಗಂಟೆಗೆ ನಾಲ್ಕು ಜಿಗ್ ಕಲ್ಲಿಗೆ ದಕ್ಷಿಣೆ. ಮೊದಲು ಎರೆ ಹಾಕಿ ಕೂರಲಿ.

ಗದಗ_ಗಾಳ (ಡಲ್ಲಾಸ್)
ಕೋಳಿ ಲಿವರ್ ಹಾಕಬಹುದಲ್ರೀ? ಇಲ್ಲಿ ಕ್ಯಾಟ್‌ಫಿಶ್‌ಗೆ ನಾವು ಅದನ್ನೇ ಹಾಕ್ತೀವಿ.

ಎರಡುಗೆರೆ (ಕ್ಯಾಲ್ಗರಿ)
ವಾಸನೆಗೆ ಅಡ್ಡಿಯಿಲ್ಲ, ಆದರೆ ಗಾಳದ ಮೇಲೆ ನಿಲ್ಲಲ್ಲ. ಹೊಲಿಗೆ ದಾರ ಸುತ್ತಿ ಕಟ್ಟಬೇಕು. ಸೊನ್ನೆ ಡಿಗ್ರಿಯಲ್ಲಿ ಕೈ ಮರಗಟ್ಟಿದಾಗ ಲಿವರ್‌ಗೆ ದಾರ ಸುತ್ತಿ ನೋಡಿ, ಆಮೇಲೆ ಮಾತಾಡೋಣ.

ಮಳೆಗಾಲದ_ಮುರುಗೋಡು (ತೀರ್ಥಹಳ್ಳಿ)
ಅಮಾವಾಸ್ಯೆ ನೋಡಿಕೊಂಡು ಹೋಗಿ. ಬೆಳದಿಂಗಳಲ್ಲಿ ಈ ಜಾತಿ ಮೀನು ಹೊರಗೆ ಬರಲ್ಲ. ನಮ್ಮಲ್ಲಿ ಹತ್ತುಮೀನು (ಮಳೆಗಾಲದ ಶುರುವಿನಲ್ಲಿ ನೀರಿಗೆ ಎದುರಾಗಿ ಹತ್ತಿ ಬರುವ ಮೀನು) ಕಾಲದಲ್ಲಿ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಡುವಾಗಲೂ ಅಜ್ಜ ಇದೇ ಹೇಳ್ತಿದ್ದರು.

ಎರಡುಗೆರೆ (ಕ್ಯಾಲ್ಗರಿ)
ಹತ್ತುಮೀನು ಹತ್ತುವುದು ಮಳೆಗೆ, ಚಂದ್ರನಿಗಲ್ಲ. ಜೂನ್ ಮೋಡದಲ್ಲಿ ನಿಮ್ಮಜ್ಜನಿಗೆ ಚಂದ್ರ ಕಂಡಿದ್ದಾದರೂ ಯಾವಾಗ?

ಮಳೆಗಾಲದ_ಮುರುಗೋಡು (ತೀರ್ಥಹಳ್ಳಿ)
ಅಜ್ಜನ ವಿಷಯಕ್ಕೆ ಬರಬೇಡಿ ಮಾರಾಯ್ರೆ. ಪಂಚಾಂಗ ಇತ್ತು ಮನೇಲಿ.

ಶರಾವತಿ_ದಡ (ಮಿನಿಯಾಪೊಲಿಸ್)
ನಾನು ಹುಣ್ಣಿಮೆಯಲ್ಲೂ ಹಿಡಿದಿದ್ದೀನಿ, ಅಮಾವಾಸ್ಯೆಯಲ್ಲಿ ಬರಿಗೈಲೂ ಬಂದಿದ್ದೀನಿ. ನನ್ನ ಪ್ರಕಾರ ಗಾಳಿ ಮುಖ್ಯ. ಗಾಳಿ ದಡಕ್ಕೆ ಬೀಸುತ್ತಿದ್ದರೆ ನಿಲ್ಲಿ, ಚಳಿಯಾದರೂ ಪರವಾಗಿಲ್ಲ. ಮುಖಕ್ಕೆ ಹೊಡೆಯುವ ಗಾಳಿ ಸಣ್ಣ ಮೀನನ್ನೂ ನಿಮ್ಮ ಕಡೆಗೇ ತಳ್ಳುತ್ತದೆ.

ಒವುಲು_ಒಬ್ಬಂಟಿ (ಫಿನ್ಲೆಂಡ್)
ತಡವಾಗಿ ಬಂದೆ. ಇಲ್ಲಿ ಇದಕ್ಕೆ ಮದೆ ಅಂತಾರೆ. ಮೊದಲ ಸಲ ಆಫೀಸಿನವರು "ಮದೆ ಸೂಪ್ ಕುಡಿಯೋಕೆ ಬಾ" ಅಂದಾಗ ಮದುವೆಯೇನೋ ಅಂದುಕೊಂಡು ಇಸ್ತ್ರಿ ಶರ್ಟ್ ಹಾಕಿಕೊಂಡು ಹೋಗಿದ್ದೆ. ಆಲೂಗಡ್ಡೆ, ಈರುಳ್ಳಿ, ಆಲ್‌ಸ್ಪೈಸ್ ಕಾಳು, ಹಾಲು ಅಥವಾ ಕ್ರೀಮ್, ಮೇಲೆ ಸಬ್ಬಸಿಗೆ. ಕೊನೆಗೆ ಮೀನಿನ ಲಿವರ್ ಹಾಕ್ತಾರೆ, ರುಚಿಯೆಲ್ಲ ಅದರಲ್ಲೇ. ಮೊಟ್ಟೆಯನ್ನು ಹುಳಿ ಕ್ರೀಮ್, ಹಸಿ ಈರುಳ್ಳಿ ಜೊತೆ ಬ್ಲಿನಿ ದೋಸೆಗೆ ಹಚ್ಚಿಕೊಂಡು ತಿನ್ನುತ್ತಾರೆ.

ಹಿಡಿಯುವ ವಿಷಯಕ್ಕೆ ಬಂದರೆ, ಇಲ್ಲಿಯವರಿಗೂ ಇದು ಚಳಿಗಾಲದ ಮೀನೇ. ನಾನೊಬ್ಬನೇ ನವೆಂಬರ್‌ನಲ್ಲಿ ನದಿ ದಡದಲ್ಲಿ ನಿಲ್ಲುವ ಹುಚ್ಚ. ನನಗೆ ತಿಳಿದ ಒಂದೇ ಗುಟ್ಟು ಎಂದರೆ, ಒಂದೇ ಜಾಗದಲ್ಲಿ ಪದೇ ಪದೇ ಎಸೆಯಿರಿ. ಒಂದು ಸಿಕ್ಕಿದರೆ ಅಲ್ಲೇ ಇನ್ನೊಂದಿರುತ್ತದೆ. ಅರ್ಧ ಗಂಟೆ ಏನೂ ಇಲ್ಲದಿದ್ದರೆ ಐವತ್ತು ಹೆಜ್ಜೆ ನಡೆಯಿರಿ.

ಕಚ್ಚಿದ್ದು ಗೊತ್ತಾಗುವುದು ಹೇಗೆ ಅಂತ ಯಾರೂ ಬರೆದಿಲ್ಲ. ವಾಲೈ ಥರ ಟಕ್ ಅನ್ನಲ್ಲ. ರಾಡ್ ತುದಿ ಸ್ವಲ್ಪ ಅಲ್ಲಾಡಿ ನಿಲ್ಲುತ್ತದೆ. ಮತ್ತೆ ಅಲ್ಲಾಡುತ್ತದೆ. ಗಾಳಿಯೇನೋ ಅನಿಸುತ್ತದೆ. ಆಮೇಲೆ ದಾರ ಬಿಗಿಯಾಗುತ್ತದೆ, ಒದ್ದೆ ಗೋಣಿಚೀಲ ಸಿಕ್ಕಿಕೊಂಡ ಹಾಗೆ ಭಾರ. ಎಳೆಯುತ್ತಾ ಬಂದರೆ ಗೋಣಿಚೀಲ ಹಿಂದಕ್ಕೆ ನಡೆಯತೊಡಗುತ್ತದೆ. ಅದೇ ಮದೆ.

ಏರಿಮೇಲಿನ_ಗೌಡ (ಎಡ್ಮಂಟನ್)
ಗೋಣಿಚೀಲದ ಮಾತು ಓದಿ ಮೈ ಜುಂ ಅಂತು. ಈ ಶನಿವಾರ ಹೋಗ್ತೀನಿ.

ಕೊಡಗಿನ_ಕಾಚಂಪುಳಿ (ಮೈಸೂರು)
ತಿನ್ನೋಕೆ ಹೇಗಿರುತ್ತೆ? ಹಾವುಮೀನಿನ ಥರ ಎಣ್ಣೆಯಾ?

ಶರಾವತಿ_ದಡ (ಮಿನಿಯಾಪೊಲಿಸ್)
ಎಣ್ಣೆಯೇ ಇಲ್ಲ. ಬಿಳಿ ಮಾಂಸ, ಗಟ್ಟಿ, ಮುಳ್ಳು ಕಡಿಮೆ. ಕೊಬ್ಬೆಲ್ಲ ಲಿವರ್‌ನಲ್ಲೇ ಇರುತ್ತದೆ. ಇಲ್ಲಿ ಬಡವರ ಲಾಬ್‌ಸ್ಟರ್ ಅಂತಾರೆ. ತುಂಡು ಮಾಡಿ ಉಪ್ಪುನೀರಲ್ಲಿ ಕುದಿಸಿ ಬೆಣ್ಣೆಯಲ್ಲಿ ಅದ್ದಿ ತಿನ್ನುತ್ತಾರೆ. ಕೆಲವರು ಸ್ಪ್ರೈಟ್‌ನಲ್ಲಿ ಕುದಿಸುತ್ತಾರೆ, ಆ ಪಾಪ ಅವರಿಗಿರಲಿ. ನಮ್ಮ ಮನೇಲಿ ಹುಣಸೆ ಬ್ಯಾಡಗಿ ಹಾಕಿ ಗಸಿ. ಮೀನು ಒಡೆಯಲ್ಲ, ಮಾರನೇ ದಿನ ಇನ್ನೂ ರುಚಿ.

ಚರ್ಮ ಸುಲಿಯಬೇಕು. ತಲೆ ಹಿಂದೆ ಸುತ್ತಲೂ ಕೊಯ್ದು, ತಲೆಯನ್ನು ಹಲಗೆಗೆ ಒತ್ತಿ ಹಿಡಿದು, ಇಕ್ಕಳದಿಂದ ಚರ್ಮ ಹಿಡಿದು ಬಾಲದ ಕಡೆಗೆ ಎಳೆದರೆ ಕಾಲುಚೀಲ ಕಳಚಿದ ಹಾಗೆ ಬರುತ್ತದೆ. ಲೋಳೆ ಜಾಸ್ತಿ, ಒಣಬಟ್ಟೆ ಇಟ್ಟುಕೊಳ್ಳಿ.

ಕೊಡಗಿನ_ಕಾಚಂಪುಳಿ (ಮೈಸೂರು)
ಗಸಿಗೆ ಹುಣಸೆ ಬದಲು ಕಾಚಂಪುಳಿ ಎರಡು ಚಮಚ. ಇನ್ನೇನೂ ಹೇಳಲ್ಲ.

ಡಾಕ್ಟ್ರಮ್ಮ (ಶಿಕಾಗೊ)
ಒಂದು ಎಚ್ಚರಿಕೆ. ಈ ಮೀನಿನ ಲಿವರ್‌ನಲ್ಲಿ, ಮೊಟ್ಟೆಯಲ್ಲಿ ಲಾಡಿಹುಳುವಿನ ಮರಿ ಇರಬಹುದು. ಚೆನ್ನಾಗಿ ಬೇಯಿಸಿ. ಹಸಿ ಮೊಟ್ಟೆ ತಿನ್ನುವವರು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟು ಆಮೇಲೆ ತಿನ್ನಲಿ. ಒವುಲು ಅವರೇ, ನಿಮಗೇ ಹೇಳ್ತಿರೋದು.

ಒವುಲು_ಒಬ್ಬಂಟಿ (ಫಿನ್ಲೆಂಡ್)
ಬಾಲ್ಕನಿಯಲ್ಲಿ ಇಟ್ಟರೆ ಆಗುತ್ತಾ ಮೇಡಂ, ಇಲ್ಲಿ ಹೇಗೂ ಮೈನಸ್ 20?

ಡಾಕ್ಟ್ರಮ್ಮ (ಶಿಕಾಗೊ)
ಫ್ರೀಜರ್‌ನಲ್ಲೇ ಇಡಿ.

ಮಂಡ್ಯ_ಮಾಂಜ (ಬೆಂಗಳೂರು)
ದೊಡ್ಡದು ಅಂದ್ರೆ ಎಷ್ಟು ದೊಡ್ಡದು ಸಿಗುತ್ತೆ?

ಎರಡುಗೆರೆ (ಕ್ಯಾಲ್ಗರಿ)
ಗಾಳದ ವಿಶ್ವದಾಖಲೆ ಸುಮಾರು 11.4 ಕಿಲೋ. ನಮ್ಮ ಪಕ್ಕದ ಸಸ್ಕಾಚೆವನ್‌ನ ಡೀಫನ್‌ಬೇಕರ್ ಜಲಾಶಯದಲ್ಲಿ, 2010ರಲ್ಲಿ. ಸಾಮಾನ್ಯವಾಗಿ ಒಂದೆರಡು ಕಿಲೋ ಸಿಕ್ಕರೆ ಖುಷಿ ಪಡಿ.

ಏರಿಮೇಲಿನ_ಗೌಡ (ಎಡ್ಮಂಟನ್)
ಶನಿವಾರದ ವರದಿ. ಹೋಗುವ ದಾರಿಯಲ್ಲಿ ಒಂದು ಅಂಗಡಿಯಲ್ಲಿ ಸರ್ಕಲ್ ಹುಕ್ ಕೇಳಿದೆ. ಕೊಟ್ಟ ಪೊಟ್ಟಣ ದಡದಲ್ಲಿ ಬಿಚ್ಚಿದರೆ ಸಾದಾ ಗಾಳ. ಹಾಗೇ ಹಾಕಿದೆ. ಒಂದು ಸಲ ತುದಿ ಅಲ್ಲಾಡಿತು, ನಲವತ್ತು ವರ್ಷದ ಕೈ ಚಟ್ ಅಂತು. ಹೋಯಿತು. ಹತ್ತೂವರೆಗೆ ಮನೆ.

ಶರಾವತಿ_ದಡ (ಮಿನಿಯಾಪೊಲಿಸ್)
ಕಚ್ಚಿತಲ್ಲ! ಜಾಗ ಸರಿ ಇದೆ ಅಂತಾಯ್ತು. ಅಲ್ಲೇ ಹೋಗಿ.

ಏರಿಮೇಲಿನ_ಗೌಡ (ಎಡ್ಮಂಟನ್)
ಸಿಕ್ತು!!! ಅದೇ ಕಲ್ಲು, ಅದೇ ಮೂಲೆ. ಉಪ್ಪು ಹಾಕಿದ ಸಕ್ಕರ್ ಪಟ್ಟಿ, ಈ ಸಲ ಸರಿಯಾದ ಗಾಳ. ಎಂಟೂ ಇಪ್ಪತ್ತಕ್ಕೆ ತುದಿ ಅಲ್ಲಾಡಿತು. ಬಲಗೈಯನ್ನು ಜೇಬಲ್ಲಿ ಇಟ್ಟುಕೊಂಡು ಎಡಗೈಯಲ್ಲಿ ರೀಲ್ ಸುತ್ತಿದೆ, ಚಟ್ ಅನ್ನಬಾರದು ಅಂತ. ಗೋಣಿಚೀಲವೇ ಬಂತು. ಎರಡು ಕಿಲೋಗೆ ಸ್ವಲ್ಪ ಕಡಿಮೆ.

ಆದರೆ ನೀವು ಯಾರೂ ಒಂದು ವಿಷಯ ಹೇಳಿಲ್ಲ. ಗಾಳ ಬಿಡಿಸಲು ಕೈಯಲ್ಲಿ ಹಿಡಿದೆ ನೋಡಿ, ಬಾಲವನ್ನು ನನ್ನ ಮುಂಗೈಗೆ ಸುತ್ತಿಕೊಂಡುಬಿಟ್ಟಿತು. ತಣ್ಣಗೆ, ಲೋಳೆ ಲೋಳೆಯಾಗಿ, ಹೆಡ್‌ಲ್ಯಾಂಪ್ ಬೆಳಕಲ್ಲಿ ಸಾಕ್ಷಾತ್ ಹಾವು. ನಾನು ಕಿರುಚಿದ್ದಕ್ಕೆ ಆ ಕಡೆ ದಡದಲ್ಲಿದ್ದವನು ಟಾರ್ಚ್ ಬೆಳಕು ಬಿಟ್ಟು "ಆರ್ ಯು ಓಕೆ" ಅಂದ.

ಶರಾವತಿ_ದಡ (ಮಿನಿಯಾಪೊಲಿಸ್)
😂😂 ಅದು ಎಲ್ಲರಿಗೂ ಒಂದು ಸಲ ಆಗಲೇಬೇಕು, ಅದಕ್ಕೇ ಹೇಳಿರಲಿಲ್ಲ.

ಉಪ್ಪುಕೆರೆ (ಸಾಲ್ಟ್ ಲೇಕ್ ಸಿಟಿ)
ಅಭಿನಂದನೆ. ಜಿಗ್ ಹಾಕಿದ್ದರೆ ಎರಡು ಸಿಗುತ್ತಿತ್ತು.

ಏರಿಮೇಲಿನ_ಗೌಡ (ಎಡ್ಮಂಟನ್)
ಗಸಿ ಆಯ್ತು, ಮಗಳು ಎರಡು ಸಲ ಹಾಕಿಸಿಕೊಂಡಳು. ಹೆಂಡತಿ ಮಾತ್ರ ಲಿವರ್ ಮುಟ್ಟಲ್ಲ ಅಂತಿದ್ದಾಳೆ. ಅಂಗೈಯಷ್ಟು ದೊಡ್ಡದಿದೆ, ಫ್ರೀಜರ್‌ನಲ್ಲಿ ಡಬ್ಬಿ ಹಾಕಿಟ್ಟಿದ್ದೀನಿ. ಆ ಫಿನ್ಲೆಂಡ್ ಸೂಪಿಗೆ ಹಾಲು ಎಷ್ಟು ಅಂತ ಒವುಲು ಅವರು ಸ್ವಲ್ಪ ಹೇಳ್ತೀರಾ?

ಒವುಲು_ಒಬ್ಬಂಟಿ (ಫಿನ್ಲೆಂಡ್)
ಒಂದು ಕಿಲೋ ಮೀನಿಗೆ ನಾನು ಅರ್ಧ ಲೀಟರ್ ಹಾಕ್ತೀನಿ. ಹಾಲು ಹಾಕಿದ ಮೇಲೆ ಜೋರಾಗಿ ಕುದಿಸಬೇಡಿ, ಒಡೆಯುತ್ತೆ. ಮತ್ತೆ, ಲಿವರ್ ತೆಗೆಯುವಾಗ ಪಿತ್ತದ ಚೀಲ ಒಡೆದಿಲ್ಲ ತಾನೇ?

ಏರಿಮೇಲಿನ_ಗೌಡ (ಎಡ್ಮಂಟನ್)
ಪಿತ್ತದ ಚೀಲ ಅಂದ್ರೆ ಆ ಹಸಿರು ಗೋಲಿ ಥರದ್ದಾ? ಅದು ಈಗಲೂ ಅದಕ್ಕೇ ಅಂಟಿಕೊಂಡಿದೆ.